ಕಬ್ಬಿಣದ ಊರುಗೋಲಿನ ಸಿದ್ಧನ ಎಡಗಣ್ಣು

ತುಂಗಮ್ಮನ ಹಠವನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೊದಲು ಬರುವುದು ಸಿಟ್ಟು, ಆಮೇಲೆ ನಗು. ಅವಳು ನನ್ನ ಓರಗಿತ್ತಿ, ನಮ್ಮ ಯಜಮಾನರ ತಮ್ಮ ಲಿಂಗಪ್ಪನ ಹೆಂಡತಿ. ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಕೂತು ಬೇಯಿಸಿದವರು ನಾವಿಬ್ಬರು. ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ನಾನು ಹೇಳಿದರೆ ಅವಳು ಎದುರು ಮಾತಾಡುತ್ತಿರಲಿಲ್ಲ. ಮಾರನೆಯ ದಿನವೂ ಸುಮ್ಮನೆ ಅಷ್ಟೇ ಉಪ್ಪು ಹಾಕುತ್ತಿದ್ದಳು. ಮೂರನೆಯ ದಿನದ ಹೊತ್ತಿಗೆ ನನ್ನ ನಾಲಿಗೆಯೇ ಒಗ್ಗಿಕೊಂಡಿರುತ್ತಿತ್ತು. ಅಂಥ ಹೆಂಗಸು.

ನಮ್ಮದು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಚಿತ್ರಗಾರರ ಮನೆ. ಮದುವೆಗೆ ಬಾಸಿಂಗ, ಕೂಸಿಗೆ ತೊಟ್ಟಿಲು, ಮಕ್ಕಳಿಗೆ ಮರದ ಬೊಂಬೆ, ಸುತ್ತಿನ ಊರುಗಳ ಅಮ್ಮಂದಿರ ಮರದ ವಿಗ್ರಹಕ್ಕೆ ಬಣ್ಣ, ಇವು ನಮ್ಮ ಕೆಲಸ. ಹೊಳೆಯಾಚೆ ಕಬ್ಬಿಣದ ಕಾರ್ಖಾನೆ ಎದ್ದು ಅರ್ಧ ಊರು ಸೈರನ್ನಿಗೆ ಏಳುವುದನ್ನು ಕಲಿತ ಮೇಲೂ ನಾವು ಬಣ್ಣ ಅರೆಯುವುದನ್ನು ಬಿಡಲಿಲ್ಲ. ಅರೆಯುವವರು ನಾವು ಹೆಂಗಸರು. ಕೆಂಪಿಗೆ ಇಂಗಳೀಕ ಅರೆಯಬೇಕು, ಹಳದಿಗೆ ಅರದಾಳ ಅರೆಯಬೇಕು, ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ ಮಸಿ ಹಿಡಿದು, ಜಾಲಿ ಅಂಟು ಹಾಕಿ ಅದನ್ನೂ ಅರೆಯಬೇಕು. ಸೀರೆಗೆ ಬಣ್ಣ ತುಂಬಬಹುದು, ಬಳೆಗೆ ಚುಕ್ಕೆ ಇಡಬಹುದು. ಬೊಂಬೆಗೆ ಕಣ್ಣೂ ಇಡಬಹುದು. ದೇವರಿಗೆ ಮಾತ್ರ ಕಣ್ಣಿಡುವ ಹಾಗಿಲ್ಲ.

ದೇವರಿಗೆ ಕಣ್ಣಿಡುವುದು ಎಲ್ಲಕ್ಕಿಂತ ಕೊನೆಯ ಕೆಲಸ, ಅದು ಗಂಡಸಿನದು. ಅವನು ಹಿಂದಿನ ದಿನ ಉಪವಾಸ ಇರುತ್ತಾನೆ. ಬೆಳಿಗ್ಗೆ ಸ್ನಾನ ಮಾಡಿ, ಬಾಗಿಲು ಹಾಕಿಕೊಂಡು, ಒಬ್ಬನೇ ಒಳಗೆ ಕೂತು ಎರಡು ಚುಕ್ಕೆ ಇಡುತ್ತಾನೆ. ಇಟ್ಟ ಕೂಡಲೇ ವಿಗ್ರಹದ ಮುಖಕ್ಕೆ ಕನ್ನಡಿ ಹಿಡಿಯುತ್ತಾನೆ. ತೆರೆದ ಕಣ್ಣಿನ ಮೊದಲ ದೃಷ್ಟಿ ಉಗ್ರವಂತೆ, ಅದನ್ನು ಕನ್ನಡಿಯೇ ತಾಳಿಕೊಳ್ಳಬೇಕಂತೆ. ಆ ಹೊತ್ತಿನಲ್ಲಿ ಗಂಡ ಸತ್ತವರು ಮುಂಬಾಗಿಲ ಕಡೆ ಸುಳಿಯಬಾರದು. ಲಿಂಗಪ್ಪ ಮೂವತ್ತೊಂದನೆಯ ಇಸವಿಯಲ್ಲಿ ವಿಷಮಜ್ವರದಲ್ಲಿ ಹೋದ ಮೇಲೆ, ಕಣ್ಣಿಡುವ ದಿನ ಬಂದರೆ ತುಂಗಮ್ಮ ತಾನಾಗಿ ಎದ್ದು ಹಿತ್ತಲಿನ ಬಾವಿ ಕಟ್ಟೆಯ ಮೇಲೆ ಕೂರುತ್ತಿದ್ದಳು. ಹೋಗು ಎಂದು ನಾವು ಯಾರೂ ಹೇಳಲಿಲ್ಲ. ಬಾ ಎಂದೂ ಹೇಳಲಿಲ್ಲ.

ಮೂವತ್ತೇಳರ ಆಷಾಢದಲ್ಲಿ ಯಜ್ಞನಾರಾಯಣರು ನಮ್ಮ ಮನೆಗೆ ಬಂದರು. ಹೊಳೆಯಾಚೆ ನ್ಯೂ ಟೌನಿನಲ್ಲಿ ಇದ್ದ ಇಂಜಿನಿಯರು ಅವರು. ಹರೆಯದಲ್ಲಿ ಎರಡು ವರ್ಷ ಜಪಾನಿನಲ್ಲಿ ಓದಿ ಬಂದಿದ್ದರು. ಬರುವಾಗ ಅಲ್ಲಿನ ಮೇಷ್ಟ್ರು ಒಬ್ಬರು ಎರಡು ಸುರುಳಿ ಚಿತ್ರ ಕೊಟ್ಟಿದ್ದರಂತೆ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಪೆಟ್ಟಿಗೆಯಲ್ಲೇ ಹುಳ ಹತ್ತಿ ಎರಡನ್ನೂ ಅಲ್ಲಲ್ಲಿ ತಿಂದಿತ್ತು. ಸರಿ ಮಾಡಿಕೊಡಿ ಎಂದು ನಮ್ಮ ಜಗಲಿಯ ಮೇಲೆ ಬಿಚ್ಚಿ ಹಾಸಿದರು.

ನಾನೂ ಬಾಗಿಲ ಸಂದಿಯಿಂದ ನೋಡಿದೆ. ಅಯ್ಯೋ ಶಿವನೆ, ಬಣ್ಣವೇ ಇಲ್ಲ. ಬರೀ ಮಸಿ. ಒಂದರಲ್ಲಿ ಹರಕು ಬಟ್ಟೆಯವನೊಬ್ಬ, ಹೆಗಲ ಮೇಲೆ ಮೂರು ಕಾಲಿನ ಕಪ್ಪೆ. ಇನ್ನೊಂದರಲ್ಲಿ ಬಂಡೆಯ ಮೇಲೆ ಕೂತ ಕುಂಟ, ಕೈಯಲ್ಲಿ ಊರುಗೋಲು, ಗಡ್ಡ ಕೆದರಿ, ಬಾಯಿ ಊದಿ, ಉಸಿರನ್ನು ಮೇಲಕ್ಕೆ ಬಿಡುತ್ತಿದ್ದಾನೆ. ಆ ಉಸಿರಿನ ತುದಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಇನ್ನೊಬ್ಬ ಮನುಷ್ಯ ಹಾರಿ ಹೋಗುತ್ತಿದ್ದಾನೆ. ಆ ಕುಂಟನ ಮುಖದಲ್ಲಿ ಎಡಗಣ್ಣು ಇರಬೇಕಾದಲ್ಲಿ ಹುಳ ತಿಂದ ತೂತು. ಉಳಿದ ಕಾಗದವೆಲ್ಲ ಖಾಲಿ.

ಯಜ್ಞನಾರಾಯಣರು ವಿವರ ಹೇಳಿದರು. ಇವರು ಚೀನಾ ಕಡೆಯ ಸಿದ್ಧರಂತೆ, ತಾವೋ ಎಂಬ ಮತದವರು, ಸಾವಿಲ್ಲದವರು. ನಾಲ್ಕೈದು ನೂರು ವರ್ಷದ ಹಿಂದೆ ಜಪಾನಿನ ಮಠಗಳಲ್ಲಿ ಸನ್ಯಾಸಿಗಳು ಬರೀ ಮಸಿಯಲ್ಲಿ ಇವರ ಚಿತ್ರ ಬರೆಯುತ್ತಿದ್ದರಂತೆ. ತಮ್ಮ ಹತ್ತಿರ ಇರುವುದು ಆ ಕಾಲದ್ದೋ ಆಮೇಲಿನ ನಕಲೋ ತಮಗೂ ಗೊತ್ತಿಲ್ಲ ಎಂದರು. ಕಪ್ಪೆಯವನು ಗಾಮ. ಕುಂಟನ ಹೆಸರು ತೆಕ್ಕಾಯ್, ಅಂದರೆ ಕಬ್ಬಿಣದ ಊರುಗೋಲಿನವನು. ಈ ತೆಕ್ಕಾಯ್ ಒಂದು ಸಲ ಮೈಯನ್ನು ಶಿಷ್ಯನ ಕಾವಲಿನಲ್ಲಿ ಬಿಟ್ಟು, ಏಳು ದಿನದಲ್ಲಿ ಬರುತ್ತೇನೆ, ಬಾರದಿದ್ದರೆ ಸುಟ್ಟುಬಿಡು ಎಂದು ಹೇಳಿ, ಜೀವವನ್ನು ಮಾತ್ರ ಹೊರಗೆ ಕಳಿಸಿದನಂತೆ. ಆರನೆಯ ದಿನ ಶಿಷ್ಯನಿಗೆ ತಾಯಿ ಸಾಯುತ್ತಿದ್ದಾಳೆಂದು ಸುದ್ದಿ ಬಂತು. ಅವನು ಗುರುವಿನ ಮೈ ಸುಟ್ಟು ಓಡಿದ. ಜೀವ ತಿರುಗಿ ಬಂದು ನೋಡಿದರೆ ಮೈ ಇಲ್ಲ. ದಾರಿಯಲ್ಲಿ ಸತ್ತು ಬಿದ್ದಿದ್ದ ಕುಂಟ ಭಿಕ್ಷುಕನೊಬ್ಬನ ಮೈ ಸಿಕ್ಕಿತು, ಅದರೊಳಗೆ ಹೊಕ್ಕು ಎದ್ದು ಕೂತಿತು. ನಮಗೆ ಪರಕಾಯ ಪ್ರವೇಶದ ಕಥೆಗಳು ಹೊಸದಲ್ಲ. ಆದರೂ ನನ್ನ ಹಿಂದೆ ನಿಂತಿದ್ದ ತುಂಗಮ್ಮ, ಅವನು ಅಳಲಿಲ್ಲವೇ ಎಂದು ನನ್ನ ಕಿವಿಯಲ್ಲಿ ಕೇಳಿದಳು. ಯಾವನಿಗೆ ಗೊತ್ತು, ಸುಮ್ಮನಿರು ಮಾರಾಯ್ತಿ, ಎಂದೆ.

ನಮ್ಮ ಯಜಮಾನರು ಮಂಜಪ್ಪನವರು ಎರಡೂ ಚಿತ್ರವನ್ನು ಮೇಲೆ ಕೆಳಗೆ ನೋಡಿ, ಸ್ವಾಮಿ, ಇವು ಅರ್ಧಕ್ಕೇ ನಿಂತಿವೆಯಲ್ಲ, ಎಂದರು. ಇಂಜಿನಿಯರು ಅದನ್ನು ತಮಾಷೆ ಎಂದುಕೊಂಡು ನಕ್ಕರು. ಅಲ್ಲೇ ಕೆಟ್ಟಿದ್ದು. ನಮ್ಮವರು ಜನ್ಮದಲ್ಲಿ ತಮಾಷೆ ಮಾಡಿದವರಲ್ಲ.

ಹದಿನೈದು ದಿನದಲ್ಲಿ ಅವರು ಕಪ್ಪೆಯವನನ್ನು ಪೂರ್ತಿ ಮಾಡಿದರು. ಹಾಳು ಕೆಲಸ ಎಂದು ನಾನು ಹೇಳಲಾರೆ, ಅವರಿಗೆ ಗೊತ್ತಿದ್ದ ಶಾಸ್ತ್ರದ ಪ್ರಕಾರ ಅದು ಒಳ್ಳೆಯ ಕೆಲಸವೇ. ಖಾಲಿ ಬಿಟ್ಟಿದ್ದ ಜಾಗಕ್ಕೆಲ್ಲ ಬಿಳಿ ಲೇಪ ಕೊಟ್ಟು ನೀಲಿ ಆಕಾಶ ತುಂಬಿದರು. ಹರಕು ಬಟ್ಟೆಗೆ ಜರಿಯಂಚು ಬಂತು. ಕಪ್ಪೆ ಗಿಣಿಹಸಿರಾಯಿತು, ಅದರ ಬೆನ್ನಿಗೆ ಚಿನ್ನದ ರೇಕಿನ ಚುಕ್ಕೆ. ಪುಣ್ಯಾತ್ಮರು ಕಪ್ಪೆಗೆ ನಾಲ್ಕನೆಯ ಕಾಲನ್ನೂ ಕೊಟ್ಟಿದ್ದರು, ಹುಳ ತಿಂದಿರಬೇಕು ಎಂದು.

ಯಜ್ಞನಾರಾಯಣರು ಬಂದು ನೋಡಿದವರು ಜಗಲಿಯ ಮೇಲೆ ಹಾಗೇ ಕೂತುಬಿಟ್ಟರು. ಬಯ್ಯಲಿಲ್ಲ. ಬಯ್ದಿದ್ದರೆ ನಮ್ಮವರಿಗೆ ಎಷ್ಟೋ ಹಗುರಾಗುತ್ತಿತ್ತು. ತಪ್ಪು ನನ್ನದು, ನಾನು ಬಿಡಿಸಿ ಹೇಳಬೇಕಿತ್ತು, ಎಂದಷ್ಟೇ ಹೇಳಿ ಉಳಿದ ಇನ್ನೊಂದು ಚಿತ್ರವನ್ನು ಸುತ್ತತೊಡಗಿದರು. ಆಗ ಬಾಗಿಲ ಹಿಂದಿನಿಂದ ತುಂಗಮ್ಮ ಮಾತಾಡಿದಳು. ಭಾವನ ಎದುರಿಗೆ ಪರ ಗಂಡಸಿನ ಜೊತೆ ಅವಳು ಮಾತಾಡಿದ್ದು ಅದೇ ಮೊದಲು.

"ಅದು ಖಾಲಿ ಅಲ್ಲ ಅಂತ ನಂಗೊತ್ತಿತ್ತು ಸ್ವಾಮಿ. ಅದು ಮಂಜು. ನನ್ನ ತವರು ಆಲ್ಕೊಳ. ಅಲ್ಲಿ ಧನುರ್ಮಾಸದಲ್ಲಿ ಬೆಳಿಗ್ಗೆ ಎದ್ದು ನೋಡಿದ್ರೆ ಗದ್ದೆ ಹೀಗೇ ಇರುತ್ತೆ. ಆ ಕುಂಟನ ಕಣ್ಣು ನಾನು ಇಡ್ತೀನಿ. ಯುಗಾದಿವರೆಗೂ ಟೈಮು ಕೊಡಿ."

ಯಜ್ಞನಾರಾಯಣರು ನಮ್ಮವರ ಮುಖ ನೋಡಿದರು. ನಮ್ಮವರು ಹರಿದುಹೋದ ಮಾನವನ್ನು ಎಲ್ಲಿ ಮುಚ್ಚಿಡಲಿ ಎಂದು ನೆಲ ನೋಡುತ್ತಿದ್ದರು. ಇಂಜಿನಿಯರು ಅವಳನ್ನು ಒಂದೇ ಪ್ರಶ್ನೆ ಕೇಳಿದರು, ಮಸಿ ಯಾರು ಅರೆಯುತ್ತೀರಿ ಎಂದು. ನಾನೇ ಎಂದಳು. ಅವರು ಸುರುಳಿಯನ್ನು ಜಗಲಿಯ ಮೇಲೆಯೇ ಬಿಟ್ಟು, ಮಾರನೆಯ ದಿನ ತಮ್ಮ ಹತ್ತಿರ ಉಳಿದಿದ್ದ ಜಪಾನಿನ ತೆಳು ಕಾಗದದ ಒಂದು ಕಟ್ಟನ್ನೂ ಕಳಿಸಿಕೊಟ್ಟರು.

ಅವತ್ತು ರಾತ್ರಿ ನಮ್ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಸಿದ್ಧ ಎಂದ ಮೇಲೆ ಅವನು ದೇವರೇ, ಬೊಂಬೆಯಲ್ಲ, ಹೆಣ್ಣು ಕಣ್ಣಿಟ್ಟರೆ ನಮ್ಮ ಕುಂಚಕ್ಕೆ ಆವತ್ತೇ ಕೊನೆ, ಊರೂರಿನ ಗೌಡರಿಗೆ ನಾನು ಮುಖ ತೋರಿಸುವುದು ಹೇಗೆ, ಎಂದು ನಮ್ಮವರು ಕೂಗಾಡಿದರು. ನಾನು ಸುಮ್ಮನಿದ್ದೆನೇ? ಇಲ್ಲ. ಅದೂ ಮುಂಡೆಯ ಕೈಯಲ್ಲಿ, ಎಂದು ಸೇರಿಸಿದೆ. ಆ ಮಾತು ಆಡಿದವಳು ನಾನೇ. ಆವಾಗ ನನ್ನ ಹಣೆಯಲ್ಲಿ ಕಾಸಗಲ ಕುಂಕುಮ ಇತ್ತು. ಇವತ್ತು ನನ್ನ ಹಣೆಯೂ ಬೋಳು, ಆ ಮಾತು ನೆನಪಾದಾಗಲೆಲ್ಲ ನಾಚಿಕೆಯಿಂದ ಸಾಯುತ್ತೇನೆ. ನಿಜ ಹೇಳಬೇಕೆಂದರೆ ಶಾಸ್ತ್ರಕ್ಕಿಂತ ಹೆಚ್ಚಾಗಿ ನನಗೆ ಆದದ್ದು ಹೊಟ್ಟೆಕಿಚ್ಚು. ಮೂವತ್ತು ವರ್ಷ ನಾನೂ ಬಣ್ಣ ಅರೆದಿದ್ದೆ. ನಾನು ಇಡುತ್ತೇನೆ ಎಂದು ಕೇಳುವ ಧೈರ್ಯ ನನಗೆ ಒಂದು ದಿನವೂ ಬಂದಿರಲಿಲ್ಲ.

ತುಂಗಮ್ಮ ಎಲ್ಲ ಕೇಳಿಸಿಕೊಂಡಳು. ಮಾರನೆಯ ಬೆಳಿಗ್ಗೆ ಎದ್ದು, ಹರಳೆಣ್ಣೆ ದೀಪ ಹಚ್ಚಿ, ತಾಮ್ರದ ತಟ್ಟೆ ಕವುಚಿದಳು.

ನಮ್ಮ ಕೆಲಸದಲ್ಲಿ ತಪ್ಪಿದರೆ ಕೆರೆದು ತೆಗೆಯಬಹುದು, ಮೇಲೆ ಇನ್ನೊಂದು ಲೇಪ ಕೊಡಬಹುದು. ಆ ಕಾಗದದ ಮೇಲಿನ ಮಸಿಗೆ ಅದು ನಡೆಯುವುದಿಲ್ಲ. ತಾಗಿದ್ದು ತಾಗಿದ ಹಾಗೇ ಕುಡಿದುಬಿಡುತ್ತದೆ. ತೆಕ್ಕಾಯನ ಎಡಗಣ್ಣಿಗೆ ಬೇಕಾದದ್ದು ಮೂರೇ ಏಟು. ಮೇಲು ರೆಪ್ಪೆಯ ಗೆರೆ, ಕೆಳ ರೆಪ್ಪೆಯ ಗೆರೆ, ನಡುವೆ ಒಂದು ಚುಕ್ಕೆ. ಮೂರರಲ್ಲಿ ಒಂದು ಕೆಟ್ಟರೂ ಆ ಮುಖವೇ ಹೋಯಿತು. ಇಂಜಿನಿಯರ ಹತ್ತಿರ ಉಳಿದಿದ್ದದ್ದೂ ಅದೊಂದೇ. ಮುಖ ಹೋದರೆ ತುಂಗಮ್ಮ ಮತ್ತೆ ಯಾವತ್ತೂ ಬಾಯಿ ತೆರೆಯುವ ಹಾಗಿರಲಿಲ್ಲ, ಸಾಯುವವರೆಗೂ ನಮ್ಮ ಅರೆಯುವ ಕಲ್ಲಿನ ಮುಂದೆಯೇ ಕೂರಬೇಕಿತ್ತು. ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಮೊದಲು ತೂತಿಗೆ ತೇಪೆ ಹಾಕಿದಳು. ತೆಳು ಕಾಗದವನ್ನು ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ ಹಳೆಯ ಕಾಗದದ ಬಣ್ಣಕ್ಕೆ ತಂದಳು. ಅಕ್ಕಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಹಿಂದಿನಿಂದ ಅಂಟಿಸಿದಳು. ಅದಕ್ಕೇ ಎರಡು ತಿಂಗಳು ಹೋಯಿತು, ನನ್ನ ಅರ್ಧ ಸೇರು ಕಾಫಿಪುಡಿಯೂ ಹೋಯಿತು. ಆಮೇಲೆ ಕಣ್ಣು ಬರೆಯುವುದಕ್ಕೆ ಶುರು ಮಾಡಿದಳು. ಜಪಾನಿನ ಕಾಗದವನ್ನು ಮುಟ್ಟಲಿಲ್ಲ. ಬಾಸಿಂಗ ಸುತ್ತುವ ಕಾಗದದ ಮೇಲೆ, ಕ್ಯಾಲೆಂಡರಿನ ಹಿಂದೆ, ಅಡಿಗೆಮನೆಯ ಸುಣ್ಣದ ಗೋಡೆಯ ಮೇಲೆ, ಎಲ್ಲೆಲ್ಲಿ ಬಿಳಿ ಕಂಡಿತೋ ಅಲ್ಲೆಲ್ಲ ಎಡಗಣ್ಣು. ರೊಟ್ಟಿ ತಟ್ಟುತ್ತ ತಲೆ ಎತ್ತಿದರೆ ಗೋಡೆಯ ತುಂಬ ಕಣ್ಣುಗಳು ನನ್ನನ್ನೇ ನುಂಗುವ ಹಾಗೆ ನೋಡುತ್ತಿದ್ದವು. ಒಂದು ದಿನ ತಡೆಯಲಾರದೆ ಬೈದುಬಿಟ್ಟೆ.

"ಏನೇ ಇದು, ನನ್ನ ಮನೇಲಿ ನಾನು ಸೀರೆ ಸರಿ ಮಾಡ್ಕೊಳ್ಳೋ ಹಾಗಿಲ್ಲ. ಎಲ್ಲವೂ ನನ್ನನ್ನೇ ನೋಡ್ತವೆ."

ಅವಳು ರೇಗುತ್ತಾಳೆ ಎಂದುಕೊಂಡಿದ್ದೆ. ರೇಗಲಿಲ್ಲ. ಕುಂಚ ಕೆಳಗಿಟ್ಟು, ಅದೇ ತಪ್ಪು ಅಕ್ಕ, ಎಂದಳು. ಸುರುಳಿಯನ್ನು ಬಿಚ್ಚಿ ತೆಕ್ಕಾಯನ ಉಳಿದಿದ್ದ ಬಲಗಣ್ಣನ್ನು ತೋರಿಸಿದಳು. ನಾನು ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಆ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ. ಬಾಯಿಂದ ಹೊರಟು ಮೇಲೆ ಹೋಗುತ್ತಿದ್ದ ಆ ಹೆಬ್ಬೆರಳು ಗಾತ್ರದ ತನ್ನ ಜೀವವನ್ನೇ ಅವನು ನೋಡುತ್ತಿದ್ದ. ನಮ್ಮ ದೇವರೆಲ್ಲ ಎದುರು ನಿಂತವರನ್ನು ನೋಡಬೇಕು, ಅದಕ್ಕೇ ನಾವು ಗುಡ್ಡೆಯನ್ನು ಸರಿಯಾಗಿ ನಡುವೆ ಇಡುತ್ತೇವೆ. ಗಂಡ ಕಣ್ಣಿಟ್ಟ ವಿಗ್ರಹಗಳನ್ನು ಅಷ್ಟು ವರ್ಷ ನೋಡಿ ನೋಡಿ ತುಂಗಮ್ಮನ ಕೈಗೂ ಅದೇ ಅಭ್ಯಾಸ ಕೂತಿತ್ತು. ಚುಕ್ಕೆಯನ್ನು ಮೇಲಕ್ಕೆ ಸರಿಸಿದರೆ ಸತ್ತವನ ಕಣ್ಣಾಗುತ್ತಿತ್ತು. ಪಕ್ಕಕ್ಕೆ ಸರಿಸಿದರೆ ಕಳ್ಳನ ಕಣ್ಣಾಗುತ್ತಿತ್ತು. ದೀಪಾವಳಿ ಬಂತು, ಸಂಕ್ರಾಂತಿ ಬಂತು, ಆ ಕಣ್ಣು ಬರಲಿಲ್ಲ. ಅವಳ ಬೆರಳುಗಳ ಸಂದಿಯಲ್ಲಿ ಮಸಿ ಸೇರಿ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಆಗಲೇ ನನ್ನ ಸಿಟ್ಟು ಸ್ವಲ್ಪ ಸ್ವಲ್ಪ ಕರಗಿತೆಂದು ಕಾಣುತ್ತದೆ, ಏಕೆಂದರೆ ಅವಳ ಪಾಲಿನ ಪಾತ್ರೆಗಳನ್ನು ನಾನೇ ತೊಳೆಯತೊಡಗಿದ್ದೆ.

ಮಾಘದಲ್ಲಿ ಚಿನ್ನದ ರೇಕು ತರಲು ನಾವಿಬ್ಬರೂ ರೈಲಿನಲ್ಲಿ ಶಿವಮೊಗ್ಗದ ಬಜಾರಿಗೆ ಹೋಗಿದ್ದೆವು. ತಿರುಗಿ ಬರುವಾಗ ಸ್ಟೇಷನ್ನಿನಲ್ಲಿ ಒಬ್ಬ ತಾಯಿ ಮಗಳನ್ನು ಬೀರೂರು ಕಡೆಯ ಗಂಡನ ಮನೆಗೆ ಕಳಿಸುತ್ತಿದ್ದಳು. ಆ ಹುಡುಗಿ ಹೋದ ಬಂಡಿಯಲ್ಲೇ ನಾವೂ ಹೋಗಬೇಕಿತ್ತು. ನಾನು ಗಂಟು ಹಿಡಿದು ಹತ್ತಿದೆ. ತಿರುಗಿ ನೋಡಿದರೆ ತುಂಗಮ್ಮ ಪ್ಲಾಟ್‌ಫಾರಮ್ಮಿನ ಮೇಲೆ ನಿಂತೇ ಇದ್ದಾಳೆ, ಆ ತಾಯಿಯ ಮುಖವನ್ನೇ ನೋಡುತ್ತ. ರೈಲು ಹೊರಟಿತು. ನಾನು ಕಿಟಕಿಯಿಂದ ಬಾಯಿಗೆ ಬಂದದ್ದು ಬೈಯುತ್ತ ಒಬ್ಬಳೇ ಭದ್ರಾವತಿಗೆ ಬಂದೆ. ಅವಳು ಸಂಜೆಯ ಗಾಡಿಗೆ ಬಂದಳು. ಬಂದವಳು ಕಾಲೂ ತೊಳೆಯದೆ ಒಲೆಯ ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ ಒಂದು ಕಣ್ಣು ಬರೆದಳು. ಗುಡ್ಡೆಯ ಜಾಗದಲ್ಲಿ ತಪ್ಪಿರಲಿಲ್ಲವಂತೆ, ತಪ್ಪಿದ್ದು ಕೆಳ ರೆಪ್ಪೆಯಲ್ಲಂತೆ. ಹೋಗುವುದನ್ನು ನೋಡುವ ಕಣ್ಣಿನ ಕೆಳ ರೆಪ್ಪೆ ಬಿಗಿಯಾಗಿರುತ್ತದೆ, ಅಳು ಬಾರದ ಹಾಗೆ ಹಿಡಿದುಕೊಂಡಿರುತ್ತದೆ, ಎಂದಳು. ನಾನು ಗೋಡೆಯ ಮುಂದೆ ಅತ್ತ ಇತ್ತ ಓಡಾಡಿದೆ. ಆ ಕಣ್ಣು ನನ್ನನ್ನು ನೋಡಲಿಲ್ಲ.

ಯುಗಾದಿಗೆ ಎಂಟು ದಿನ ಇರುವಾಗ, ಬುಧವಾರ, ಅವಳು ಸ್ನಾನ ಮಾಡಿ ಬಂದು ಸುರುಳಿಯನ್ನು ನಡುಮನೆಯಲ್ಲಿ ಹಾಸಿದಳು. ಬಾಗಿಲಿಗೆ ಅಡ್ಡ ನಮ್ಮ ಯಜಮಾನರು ಬಂದು ನಿಂತರು. ಅವರ ದನಿಯಲ್ಲಿ ಈ ಸಲ ಕೂಗಾಟವಿರಲಿಲ್ಲ, ಹೆದರಿಕೆ ಇತ್ತು.

"ತುಂಗಾ, ನಿನ್ನ ಕಾಲಿಗೆ ಬೀಳ್ತೀನಿ, ಬೇಡ. ಕಣ್ಣು ತೆರೆದ ತಕ್ಷಣ ಅವನ ದೃಷ್ಟಿ ನಿನ್ನ ಮೇಲೆ ಬೀಳುತ್ತೆ. ಗಂಡ ಇಲ್ಲದೋಳ ಮೇಲೆ ಬೀಳಬಾರದು. ಮನೇಗೂ ಆಗಲ್ಲ, ನಿನಗೂ ಆಗಲ್ಲ."

ತುಂಗಮ್ಮ ತಲೆ ಎತ್ತಿ ಭಾವನ ಮುಖವನ್ನು ನೋಡಿಯೇ ಉತ್ತರ ಕೊಟ್ಟಳು.

"ಇವನು ಯಾರನ್ನೂ ನೋಡಲ್ಲ ಭಾವ. ನಿಮ್ಮನ್ನೂ ನೋಡಲ್ಲ, ನನ್ನನ್ನೂ ನೋಡಲ್ಲ. ಇವನ ನೋಟ ತನ್ನ ಜೀವದ ಮೇಲೆ. ಯಾರ ಮೇಲೂ ಬೀಳದ ದೃಷ್ಟಿ ಯಾರಿಗೆ ತಾಗುತ್ತೆ? ಮೈ ಸುಟ್ಟು ಬೂದಿ ಆದ್ಮೇಲೂ ಇವನು ಅಳ್ತಾ ಕೂರಲಿಲ್ಲ. ಕುಂಟನ ಮೈ ಸಿಕ್ತು, ಅದನ್ನೇ ಹಾಕ್ಕೊಂಡು ಎದ್ದ. ನಾನೂ ಏಳು ವರ್ಷದಿಂದ ಬಾವಿ ಕಟ್ಟೆ ಮೇಲೆ ಕೂತಿದೀನಿ. ಇನ್ನು ಏಳ್ತೀನಿ."

ನಮ್ಮವರು ಚಿತ್ರವನ್ನೂ ಅವಳನ್ನೂ ಎರಡು ಸಲ ನೋಡಿದರು. ಆಮೇಲೆ ಹೆಗಲ ಟವೆಲು ಕೊಡವಿಕೊಂಡು ಹೊಳೆಯ ಕಡೆ ಹೊರಟುಹೋದರು. ಬಾಗಿಲು ಹಾಕಲೇ ಎಂದು ನಾನು ಕೇಳಿದೆ. ಬೇಡ, ಬೆಳಕು ಬೇಕು, ಎಂದಳು.

ಅಳಿಲಿನ ಬಾಲದ ಕೂದಲಿನ ಸಣ್ಣ ಕುಂಚ ಅವಳದು. ಮಸಿಯಲ್ಲಿ ಅದ್ದಿ, ಬಾಳೆ ಎಲೆಯ ಮೇಲೆ ಒಮ್ಮೆ ಒರೆಸಿದಳು. ಮೇಲು ರೆಪ್ಪೆ ಬಂತು. ಕೆಳ ರೆಪ್ಪೆಗೆ ಮುಂಚೆ ಅವಳು ಕುಂಚವನ್ನು ಇನ್ನೊಮ್ಮೆ ಎಲೆಯ ಮೇಲೆ ಒರೆಸಿದಳು. ಅದೂ ಬಂತು. ಚುಕ್ಕೆಯನ್ನು ಅವಳು ಯಾವಾಗ ಇಟ್ಟಳೋ ನನಗೆ ಕಾಣಲೇ ಇಲ್ಲ, ಕುಂಚ ಕೆಳಗಿಟ್ಟ ಮೇಲೆಯೇ ಗೊತ್ತಾದದ್ದು. ಬಗ್ಗಿ ನೋಡಿದೆ. ಆ ಕುಂಟ ಎರಡೂ ಕಣ್ಣಿನಿಂದ ಮೇಲೆ ನೋಡುತ್ತಿದ್ದ. ನನಗೆ ಅಳು ಬಂತು. ಅವಳು ಅಳಲಿಲ್ಲ. ಹಸಿವಾಗುತ್ತಿದೆ ಅಕ್ಕ, ಎಂದಳು.

ಮಾರನೆಯ ದಿನ ಯಜ್ಞನಾರಾಯಣರು ಬಂದರು. ಚಿತ್ರವನ್ನು ಕಂಬಕ್ಕೆ ತೂಗುಹಾಕಿದ್ದೆವು. ಅವರು ಅದರ ಮುಂದೆ ನಿಂತು ನೋಡಿದರು, ಆಮೇಲೆ ತಮಗೆ ಗೊತ್ತಿಲ್ಲದ ಹಾಗೆ ತಲೆ ಎತ್ತಿ ನಮ್ಮ ಮನೆಯ ಜಂತಿಯನ್ನು ನೋಡಿದರು, ಅಲ್ಲಿ ಏನು ಹೋಗುತ್ತಿದೆ ಎಂದು. ನೋಡಿ ತಾವೇ ನಕ್ಕರು. ಆ ದೇಶದಲ್ಲೂ ಕಣ್ಣಿನ ಚುಕ್ಕೆಯನ್ನು ಕೊನೆಗೇ ಇಡುವುದು ಎಂದು ಹೇಳಿದರು. ಬಾಗಿಲಿನಿಂದ ಈಚೆ ಬಂದು ನಿಂತಿದ್ದ ತುಂಗಮ್ಮನಿಗೆ ಕೈ ಮುಗಿದು, ಸುರುಳಿಯನ್ನು ಕೂಸಿನ ಹಾಗೆ ಎತ್ತಿಕೊಂಡು ಹೋದರು.

ಅವರು ಬರುವ ಮುಂಚೆ ಇನ್ನೊಬ್ಬರು ಬಂದು ನೋಡಿದ್ದರು. ಬೆಳಿಗ್ಗೆ ನಾನು ಕಸ ಗುಡಿಸುತ್ತಿದ್ದಾಗ ನಮ್ಮ ಯಜಮಾನರು ಮೂಗು ಕಾಗದಕ್ಕೆ ತಾಗುವಷ್ಟು ಹತ್ತಿರ ನಿಂತಿದ್ದರು. ಎಡಕ್ಕೆ ಹೋದರು, ಬಲಕ್ಕೆ ಬಂದರು. ನನ್ನ ನೋಡ್ತಿಲ್ಲ ಇವನು, ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅಷ್ಟು ಹತ್ತಿರ ಏಕೆ ನಿಲ್ಲಬೇಕಾಯಿತು ಎಂದು ನಾನು ಆಗ ಯೋಚಿಸಲಿಲ್ಲ.

ಅದು ಗೊತ್ತಾದದ್ದು ಮುಂದಿನ ವರ್ಷ. ಕೆಂಚಪ್ಪಗೌಡರ ಊರಿನ ಅಮ್ಮ ನಮ್ಮ ಮನೆಗೆ ಬಂದಿದ್ದಳು, ಆಳೆತ್ತರದ ಮರದ ವಿಗ್ರಹ. ಹಳೆಯ ಬಣ್ಣ ಕೆರೆದು ಹೊಸದು ಹಾಕಿ ಎಲ್ಲ ಮುಗಿದಿತ್ತು, ಕಣ್ಣು ಮಾತ್ರ ಬಾಕಿ. ನಮ್ಮವರು ದಿನಕ್ಕೊಂದು ನೆಪ ಹೇಳುತ್ತಿದ್ದರು. ಒಂದು ಮಧ್ಯಾಹ್ನ ಹಿಂದಿನ ಕೋಣೆಗೆ ಹೋದರೆ ಹಲಗೆಯ ಮೇಲೆ ಇದ್ದಿಲಿನಲ್ಲಿ ಕಣ್ಣಿನ ಜೋಡಿ ಬರೆದು ಬರೆದು ಅಳಿಸುತ್ತಿದ್ದಾರೆ. ಒಂದು ಗುಡ್ಡೆ ಮೇಲೆ, ಒಂದು ಕೆಳಗೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ವರ್ಷದ ಮೇಲಾಯಿತು, ಎಂದು ಆಗ ಒಪ್ಪಿಕೊಂಡರು. ನಾನು ಅವರ ಪಕ್ಕದಲ್ಲೇ ಕೂತೆ. ಎಷ್ಟು ಜಗಳ ಆಡಿದ್ದರೂ ಆ ದೊಡ್ಡ ಮನುಷ್ಯ ಹಾಗೆ ಕುಸಿದಿದ್ದನ್ನು ನೋಡಲಾಗಲಿಲ್ಲ.

ಸಂಜೆ ಅವರು ಅಡಿಗೆಮನೆಯ ಬಾಗಿಲಿಗೆ ಬಂದು ತುಂಗಮ್ಮನಿಗೆ ಹೇಳಿದರು. ಶುಕ್ರವಾರ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ, ನೀನು ಹಿತ್ತಲಿನಿಂದ ಒಳಗೆ ಬಂದು ಅಮ್ಮನಿಗೆ ಕಣ್ಣಿಡು, ಆಮೇಲೆ ನಾನು ಹೊರಗೆ ಬರುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ, ಎಂದು. ಅವರ ಮಟ್ಟಿಗೆ ಅದು ಬೆಟ್ಟದಷ್ಟು ದೊಡ್ಡ ಮಾತು. ನಾನಾಗಿದ್ದರೆ ಕಣ್ಣೀರು ಹಾಕಿ ಒಪ್ಪಿಕೊಳ್ಳುತ್ತಿದ್ದೆ.

"ಇಡ್ತೀನಿ ಭಾವ. ಆದ್ರೆ ಬಾಗಿಲು ತೆಗೆದಿಟ್ಟೇ ಇಡ್ತೀನಿ. ಕದ್ದು ಇಡಲ್ಲ."

ಗೌಡರು ವಿಗ್ರಹವನ್ನು ವಾಪಸು ಎತ್ತಿಕೊಂಡು ಹೋಗುತ್ತಾರೆ, ಆಮೇಲೆ ಯಾವ ಊರೂ ನಮ್ಮ ಬಾಗಿಲಿಗೆ ಬರುವುದಿಲ್ಲ, ಎಂದು ನಾನೂ ಯಜಮಾನರೂ ಸೇರಿ ಹೇಳಿದೆವು. ಹೋಗಲಿ ಎಂದಳು. ಎರಡು ದಿನ ಹೇಳಿದೆವು. ಉಪ್ಪಿನ ವಿಷಯದಲ್ಲಿ ಸೋತವಳು ನಾನು, ಇದರಲ್ಲಿ ಗೆಲ್ಲುತ್ತೇನೆಯೇ? ಗುರುವಾರ ಅವಳು ಉಪವಾಸ ಇದ್ದಳು.

ಶುಕ್ರವಾರ ಬೆಳಿಗ್ಗೆ ಎರಡು ಗಾಡಿ ತುಂಬ ಊರಿನವರು ಬಂದರು. ನಮ್ಮ ಯಜಮಾನರು ಜಗಲಿಯ ಮೇಲೆ ನಿಂತು ಹೇಳಿಯೇಬಿಟ್ಟರು. ನನ್ನ ಕಣ್ಣು ಹೋಗಿದೆ ಗೌಡರೇ, ನನ್ನ ತಮ್ಮನ ಹೆಂಡತಿ ಕಣ್ಣಿಡುತ್ತಾಳೆ, ಅವಳ ಕೈ ನನ್ನ ಕೈಗಿಂತ ಮೇಲು, ಬೇಡವಾದರೆ ಅಮ್ಮನನ್ನು ಎತ್ತಿಕೊಂಡು ಹೋಗಿ, ಎಂದರು. ಮೂವತ್ತು ವರ್ಷ ಸಂಸಾರ ಮಾಡಿ ನಾನು ಅವರನ್ನು ಮನಸಾರೆ ಮೆಚ್ಚಿಕೊಂಡದ್ದು ಅವತ್ತು. ಹಿಂದೆ ನಿಂತಿದ್ದವರಲ್ಲಿ ನಾಲ್ಕೈದು ಜನ ಗಾಡಿಯ ಕಡೆ ತಿರುಗಿದರು.

ಆಗ ಪಕ್ಕದ ಓಣಿಯಿಂದ ಒಬ್ಬ ಮುದುಕಿ ಬಂದಳು. ಗೌಡರ ತಾಯಿ ಲಿಂಗಮ್ಮ. ಗಂಡ ಸತ್ತು ಮೂವತ್ತು ವರ್ಷವಾದವಳು. ಊರಿನವರ ಜೊತೆ ಗಾಡಿಯಲ್ಲಿ ಬಂದು, ಯಾರೂ ಹೇಳದೆ ತಾನಾಗಿ ನಮ್ಮ ಹಿತ್ತಲಿಗೆ ಹೋಗಿ ಕೂತಿದ್ದಳಂತೆ. ಜನ ಸರಿದು ದಾರಿ ಬಿಟ್ಟರು. ಮಗನ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ, ತೆರೆದ ಬಾಗಿಲಿನ ಎದುರಿಗೆ, ಅಮ್ಮನಿಗೆ ನೇರವಾಗಿ ನಿಂತಳು. ಗೌಡರು ಪೇಟ ತೆಗೆದು ಕಂಕುಳಿನಲ್ಲಿ ಇಟ್ಟುಕೊಂಡರು. ಗಾಡಿಯ ಕಡೆ ಹೋದವರು ಅಲ್ಲೇ ನಿಂತರು.

ಒಳಗೆ ತುಂಗಮ್ಮ ಕುಂಚ ಹಿಡಿದು ಪೀಠದ ಪಕ್ಕ ನಿಂತಿದ್ದಳು. ಅಮ್ಮನ ಮುಖದ ಮುಂದೆ ಕನ್ನಡಿ ಹಿಡಿದವಳು ನಾನು. ಬಲಗಣ್ಣು ಇಟ್ಟಳು. ಎಡಗಣ್ಣಿಗೆ ಕುಂಚ ಎತ್ತಿದವಳು ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದಳು.

"ಅಕ್ಕ, ಕನ್ನಡಿ ಇಳಿಸು."

ಇಳಿಸಿದೆ. ತುಂಗಮ್ಮ ಚುಕ್ಕೆ ಇಟ್ಟು ಪಕ್ಕಕ್ಕೆ ಸರಿದಳು. ಅಮ್ಮ ಕಣ್ಣು ಬಿಟ್ಟಳು, ಎದುರಿಗಿದ್ದವಳನ್ನೇ ನೋಡಿದಳು. ಲಿಂಗಮ್ಮ ಹೊಸ್ತಿಲ ಮೇಲೆ ಎರಡೂ ಕೈ ಜೋಡಿಸಿ ನಿಂತಿದ್ದಳು. ಅವಳಿಗೆ ಏನೂ ಆಗಲಿಲ್ಲ.

"ಮೂವತ್ತು ವರ್ಷ ಆಗಿತ್ತು ತಾಯಿ," ಎಂದಳು, "ನೀನು ನನ್ನ ನೋಡಿ."